ಬೆಲ್ ಬಾರದ ಲೈನು

ಟೆಲಿಫೋನ್ ಕಚೇರಿಯಲ್ಲಿ ಅವನನ್ನು ಎಲ್ಲರೂ ಗಂಟಣ್ಣ ಅನ್ನುತ್ತಿದ್ದರು. ನೆಲದಡಿಯ ಕೇಬಲ್ಲುಗಳಲ್ಲಿ ತಂತಿಗೆ ತಂತಿ ಸೇರಿಸಿ ಗಂಟು ಹಾಕುವುದು ಅವನ ಕೆಲಸ, ಅದೊಂದು ಕಾರಣ. ಇನ್ನೊಂದು, ಇಪ್ಪತ್ತೆಂಟು ವರ್ಷದಿಂದ ಬಿಡಿಸದೆ ಮುಖದ ಮೇಲೆ ಇಟ್ಟುಕೊಂಡಿದ್ದ ಗಂಟು. ಅವನು ನಕ್ಕದ್ದನ್ನು ಕಂಡವರು ಕಚೇರಿಯಲ್ಲಿ ಇಬ್ಬರಿದ್ದರಂತೆ. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಮಾತು ಬದಲಿಸಿದ್ದರು.

ವಯಸ್ಸು ಐವತ್ನಾಲ್ಕು. ಹೆಗಲಿಗೆ ತೂಗುವ ಕ್ಯಾನ್ವಾಸ್ ಚೀಲದಲ್ಲಿ ಕತ್ತರಿ, ಮೇಣ ಸವರಿದ ದಾರದ ಉಂಡೆ, ಎರಡು ಕ್ಲಿಪ್ಪುಗಳಿದ್ದ ಒಂದು ಹ್ಯಾಂಡ್‌ಸೆಟ್. ಯಾವ ಅಂಗಡಿಗೆ ಹೋದರೂ ನಮಸ್ಕಾರವಿಲ್ಲ, ಕುಶಲವಿಲ್ಲ. ಬಾಗಿಲಲ್ಲಿ ನಿಂತು "ಎಲ್ಲಿ?" ಅನ್ನುತ್ತಿದ್ದ. ಕೆಲಸ ಮುಗಿದ ಮೇಲೆ "ಆಯ್ತು" ಅನ್ನುತ್ತಿದ್ದ. ಈ ಎರಡು ಮಾತಿನ ನಡುವೆ ಯಾರಾದರೂ ನೀರು ಬೇಕೇ ಎಂದು ಕೇಳಿದರೆ, ಆ ನೀರಿನಲ್ಲಿ ಏನೋ ಹುನ್ನಾರವಿದೆ ಎಂಬಂತೆ ನೋಡುತ್ತಿದ್ದ.

ಅವನಿಗೊಬ್ಬ ಅಣ್ಣ. ಅಣ್ಣನೂ ಅದೇ ಕಚೇರಿಯಲ್ಲಿ ಅದೇ ಕೆಲಸದಲ್ಲಿದ್ದವನು. ತಮ್ಮನ ಕೈಗೆ ಮೊದಲ ತಂತಿ ಕೊಟ್ಟವನೂ ಅವನೇ. ಅಣ್ಣ ಮೇಸ್ತ್ರಿಯಾಗಿದ್ದಾಗ, ಊರಿಂದ ಊರಿಗೆ ಹೋಗುವ ದೊಡ್ಡ ಕೇಬಲ್ಲಿನ ತಂಡಕ್ಕೆ ಒಬ್ಬನನ್ನು ಆರಿಸಬೇಕಾಗಿ ಬಂತು. ಆ ಒಬ್ಬ ಗಂಟಣ್ಣನೇ ಎಂದು ಗಂಟಣ್ಣನೂ ಸೇರಿ ಎಲ್ಲರೂ ತಿಳಿದಿದ್ದರು. ಅಣ್ಣ ಮೇಲಿನವರಿಗೆ ಒಂದೇ ಸಾಲು ಬರೆದುಕೊಟ್ಟ: ಇವನ ಕೈ ಬೆವರುತ್ತದೆ, ದೊಡ್ಡ ಕೇಬಲ್ಲಿಗೆ ಬೇಡ.

ತಂತಿ ಜೋಡಿಸುವವರಲ್ಲಿ ಇದು ಸಣ್ಣ ಮಾತಲ್ಲ. ಬೆವರಿನ ಉಪ್ಪು ತಾಮ್ರಕ್ಕೆ ಹತ್ತಿದರೆ ವರ್ಷಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಕೈ ಬೆವರುವವನು ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡೇ ತಂತಿ ಮುಟ್ಟಬೇಕು ಎಂದು ಅಣ್ಣ ಹತ್ತು ಸಲ ಹೇಳಿದ್ದ, ನಾಲ್ಕು ಜನರ ಮುಂದೆಯೂ ಹೇಳಿದ್ದ. ಬರೆದುಕೊಟ್ಟ ಸಾಲು ಕಚೇರಿಯ ತುಂಬ ಓಡಾಡಿತು. ಊಟದ ಹೊತ್ತಿನಲ್ಲಿ ಯಾರೋ ಗಂಟಣ್ಣನ ಮುಂದೆ ಒಂದು ಕರವಸ್ತ್ರ ಮಡಚಿಟ್ಟು ಹೋದರು. ಮುಂದಿನ ತಿಂಗಳು ಅಪ್ಪ ಕಟ್ಟಿಸಿದ ಮನೆಯ ನಡುವೆ ಗೋಡೆ ಎದ್ದಿತು.

ಗೋಡೆ ಹಾದುಹೋದ ದಾರಿಯಲ್ಲಿ ಒಂದು ಕಿಟಕಿ ಸಿಕ್ಕಿಕೊಂಡಿತು. ಅದರ ಒಂದು ಬಾಗಿಲು ಅಣ್ಣನ ಕಡೆಗೆ, ಒಂದು ತಮ್ಮನ ಕಡೆಗೆ ಬಂತು. ಗಾಳಿಗೆ ಆ ಕಡೆಯ ಬಾಗಿಲು ಬಡಿದುಕೊಂಡರೆ ಗಂಟಣ್ಣ ಹೆಂಡತಿಗೆ, ನೋಡು ಅವನ ಬುದ್ಧಿ, ಅನ್ನುತ್ತಿದ್ದ. ತನ್ನ ಕಡೆಯದು ಬಡಿದುಕೊಂಡರೆ ಗಾಳಿ ಅನ್ನುತ್ತಿದ್ದ. ಆರು ವರ್ಷ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಹೆಂಡತಿಯರು ಮಾತ್ರ ಹಿತ್ತಲಿನ ಒಂದೇ ನಲ್ಲಿಯನ್ನು ಹಂಚಿಕೊಂಡ ಹಾಗೆ ಸುದ್ದಿಯನ್ನೂ ಹಂಚಿಕೊಳ್ಳುತ್ತಿದ್ದರು.

ಅಣ್ಣ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಿಲ್ಲ. ಬಿಡಿಭಾಗಗಳ ಅಂಗಡಿ ಬೀದಿಯಲ್ಲಿ ಆಫೀಸುಗಳ ಒಳಗಿನ ಫೋನ್ ವೈರಿಂಗ್ ನೋಡಿಕೊಳ್ಳತೊಡಗಿದ. ಬೀದಿಗೆಲ್ಲ ದೊಡ್ಡದಾದ ಲಾರಿ ಬುಕಿಂಗ್ ಆಫೀಸು ಅವನನ್ನು ನೆಚ್ಚಿಕೊಂಡಿತು. ಅದನ್ನು ನೋಡಿ ಉಳಿದವರೂ ನೆಚ್ಚಿಕೊಂಡರು. ಹೀಗೆ ಒಂದು ದಿನ ಅಣ್ಣ ತಮ್ಮಂದಿರ ನಡುವೆ ಇನ್ನೊಂದು ಗಡಿ ಹುಟ್ಟಿತು. ಲಾರಿ ಆಫೀಸಿನ ಹೊರಗೋಡೆಯ ಮೇಲೆ ಅಂಗೈಯಗಲದ ಒಂದು ಬೂದು ಡಬ್ಬಿಯಿತ್ತು. ಬೀದಿಯಿಂದ ಡಬ್ಬಿಯವರೆಗಿನ ತಂತಿ ಟೆಲಿಫೋನ್ ಕಚೇರಿಯದು, ಅಂದರೆ ಗಂಟಣ್ಣನದು. ಡಬ್ಬಿಯಿಂದ ಒಳಕ್ಕೆ ಹೋಗುವುದು ಗಿರಾಕಿಯದು, ಅಂದರೆ ಅಣ್ಣನದು.

ಆ ಆಫೀಸಿನ ಮೂರನೇ ಲೈನಿನಲ್ಲಿ ಗರಗರ ಶುರುವಾಯಿತು.

ಸದಾ ಇರುತ್ತಿದ್ದರೆ ಯಾರೂ ಹಿಡಿಯಬಹುದಿತ್ತು. ಇದು ಬರುತ್ತಿತ್ತು, ಹೋಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಒಡತಿ ಗೋದಾಮಿಗೆ ಫೋನ್ ಮಾಡಿದರೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ. ಮರುದಿನ ಒಣ ಎಲೆಗಳ ಮೇಲೆ ಯಾರೋ ನಡೆದು ಹೋದ ಹಾಗೆ. ಎರಡು ಸಲ ಆಕೆ ಲೋಡಿನ ವಿವರ ಹೇಳಿ ಮುಗಿಸುವ ಮೊದಲೇ ಆಚೆಯವರು ಬೇಸತ್ತು ಫೋನಿಟ್ಟು ಎದುರು ಸಾಲಿನ ಬುಕಿಂಗ್ ಆಫೀಸಿಗೆ ಮಾಡಿದರು. ಅವಳು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ದಿನವಿಡೀ ಅದನ್ನು ಹುಡುಕುವ ಹೆಂಗಸು. ಆದರೆ ಹದಿನೆಂಟು ಲಾರಿ ಈ ಹೊತ್ತಿಗೆ ಯಾವ ರಸ್ತೆಯಲ್ಲಿವೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಗರಗರದ ದೂರು ಬಂದರೆ ಏನು ಮಾಡಬೇಕೆಂದು ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಡಬ್ಬಿ ತೆಗೆದು ಒಳಗಿನ ತಂತಿ ಬಿಡಿಸಬೇಕು. ಪಕ್ಕದ ಲೈನಿಂದ ಎಕ್ಸ್‌ಚೇಂಜಿಗೆ ಹೇಳಿಟ್ಟು, ಹೊರಗಿನ ತಂತಿಗೆ ಹ್ಯಾಂಡ್‌ಸೆಟ್ ಕ್ಲಿಪ್ಪು ಹಾಕಿ, ಎಕ್ಸ್‌ಚೇಂಜಿನವರಿಂದ ಆ ಲೈನಿಗೆ ಒಂದು ಬೆಲ್ ಮಾಡಿಸಬೇಕು. ಬೆಲ್ ಬಂದು, ಮಾತು ಸ್ವಚ್ಛವಾಗಿ ಕೇಳಿಸಿದರೆ ಹೊರಗಿನ ಲೈನು ಸರಿಯಿದೆ, ದೋಷ ಒಳಗಿನದು. ಗಂಟಣ್ಣ ಹಾಗೆಯೇ ಮಾಡಿದ. ಬೆಲ್ ಬಂತು, ಎಕ್ಸ್‌ಚೇಂಜಿನವನು ಕೆಮ್ಮಿದ್ದು ಕೂಡ ಪಕ್ಕದಲ್ಲಿ ಕೆಮ್ಮಿದ ಹಾಗೆ ಕೇಳಿಸಿತು. ದೂರಿನ ಪುಸ್ತಕದಲ್ಲಿ "ಒಳಗಿನ ದೋಷ" ಎಂದು ಬರೆದ. ಅವನ ಅಕ್ಷರ ಕಾಗೆ ಕಾಲು ಎಂದು ಹೆಸರಾಗಿದ್ದದ್ದು. ಆ ಎರಡು ಪದ ಮಾತ್ರ ದುಂಡಗೆ ಬಂದವು.

ಅಣ್ಣ ಒಳಗಿನ ತಂತಿಯನ್ನೆಲ್ಲ ಕಿತ್ತು ಹೊಸದು ಎಳೆದ. ಗರಗರ ಹೋಗಲಿಲ್ಲ. ಗಂಟಣ್ಣ ಮತ್ತೆ ಬಂದ, ಬೆಲ್ ಮಾಡಿಸಿದ, ಸ್ವಚ್ಛ. ಒಳಗಿನ ದೋಷ. ಅಣ್ಣ ಫೋನನ್ನೇ ಬದಲಿಸಿದ. ಎರಡು ದಿನದಲ್ಲಿ ಗರಗರ. ಮೂರನೇ ಸಲವೂ ಅದೇ ದುಂಡು ಅಕ್ಷರ. ಅಣ್ಣ ಒಡತಿಯ ಎದುರು ನಿಂತು, ಅವನು ಬೇಕೆಂದೇ ಮಾಡುತ್ತಿದ್ದಾನೆ, ನನ್ನ ಮೇಲಿನ ಹಗೆ ನಿಮ್ಮ ತಲೆಗೆ ಬಂದಿದೆ, ಎಂದ. ಒಡತಿ ಕಚೇರಿಗೆ ಕಾಗದ ಬರೆದಳು.

ಸಾಹೇಬರು ಗಂಟಣ್ಣನನ್ನು ಕರೆಸಿದರು. ಶುಕ್ರವಾರ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಇದನ್ನು ಬಗೆಹರಿಸಬೇಕೆಂದು ಆಕೆ ಪಟ್ಟು ಹಿಡಿದಿದ್ದಾಳೆ ಎಂದರು. ದೋಷ ಒಳಗಿನದಾದರೆ ವೈರಿಂಗಿನವನನ್ನು ಆಕೆ ಬಿಡಿಸುತ್ತಾಳೆ, ಬೀದಿಯ ಉಳಿದವರೂ ಬಿಡಿಸುತ್ತಾರೆ, ಅದು ಅವರ ಪಾಡು. ಹೊರಗಿನದಾದರೆ?

"ಮೂರು ಸಲ ಸುಳ್ಳು ಬರೆದ ಹಾಗಾಗುತ್ತೆ," ಎಂದರು ಸಾಹೇಬರು. "ಆ ಚೀಲ ಇಲ್ಲಿಟ್ಟು ದೂರಿನ ಕೌಂಟರಲ್ಲಿ ಕೂತ್ಕೋಬೇಕಾಗುತ್ತೆ. ನೀವು ಜನರ ಜತೆ ಮಾತಾಡೋದನ್ನ ನಾನು ನೋಡಿದೀನಿ. ನನಗೂ ಅದು ಇಷ್ಟ ಇಲ್ಲ."

ಗಂಟಣ್ಣನಿಗೆ ನಾಲ್ಕು ವರ್ಷ ಸೇವೆ ಉಳಿದಿತ್ತು. ನಾಲ್ಕು ವರ್ಷ ಗಾಜಿನ ಹಿಂದೆ ಕೂತು, ಬೈಯುವವರ ಹೆಸರು ಬರೆದುಕೊಳ್ಳುವುದನ್ನು ನೆನೆದು ಅವನು ಚೀಲದ ಪಟ್ಟಿಯನ್ನು ಹೆಗಲ ಮೇಲೆ ಎಳೆದುಕೊಂಡ. ಅದರ ಹಿಂದೆಯೇ ಇನ್ನೊಂದು ಯೋಚನೆ ಬೆಚ್ಚಗೆ ಬಂತು: ದೋಷ ಒಳಗಿನದು. ಅಣ್ಣ ಬೀದಿ ಬಿಡುತ್ತಾನೆ.

ಅಂದು ಊಟಕ್ಕೆ ಕೂತಾಗ ಹೆಂಡತಿ, ಭಾವ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ಅಕ್ಕ ನಲ್ಲಿ ಹತ್ತಿರ ಹೇಳಿದರು, ಎಂದಳು.

"ನಾನೇನು ಹೋಗಿ ತುತ್ತು ಮಾಡಿ ತಿನ್ನಿಸಲಾ?"

"ನೀವು ತಿನ್ನಿಸಿದ್ರೆ ಯಾರಿಗೂ ಗಂಟಲಲ್ಲಿ ಇಳಿಯಲ್ಲ," ಎಂದಳು ಅವಳು. "ಗೆದ್ರೆ ಏನ್ಮಾಡ್ತೀರಿ, ಅದನ್ನಾದ್ರೂ ಹೇಳಿ. ಗೋಡೆ ಇನ್ನೊಂದಡಿ ಎತ್ತರಿಸ್ತೀರಾ?"

ಅವನು ತಟ್ಟೆ ನೋಡುತ್ತ ಉಂಡು ಎದ್ದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕಾಲು ಗಂಟೆ ಮುಂಚೆ ಲಾರಿ ಆಫೀಸಿನ ಮುಂದೆ ನಿಂತ. ಉದ್ದನೆಯ, ಇಕ್ಕಟ್ಟಾದ ಕೋಣೆ. ಡೀಸೆಲ್ಲು ಮತ್ತು ಮಡಚಿಟ್ಟ ಟಾರ್ಪಾಲಿನ ವಾಸನೆ. ಗೋಡೆಯ ಮೇಲೆ ಬೆರಳು ತಾಗಿ ತಾಗಿ ಮಾಸಿದ ರಸ್ತೆಗಳ ನಕ್ಷೆ. ಅಣ್ಣ ಆಗಲೇ ಬಂದು ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ತಮ್ಮನನ್ನು ಕಂಡು ನಕ್ಷೆಯ ಕಡೆ ತಿರುಗಿ, ಎಲ್ಲೋ ಹೊರಟವನ ಹಾಗೆ ಅದನ್ನೇ ನೋಡತೊಡಗಿದ. ಒಡತಿ ಹೊರಗೆ ಬಂದಳು.

"ನೀವು ಬಂದ್ರೆ ಹೋಗುತ್ತೆ, ನೀವು ಹೋದ್ರೆ ಬರುತ್ತೆ. ಇದನ್ನ ನಾನು ಏನಂತ ತಿಳ್ಕೊಬೇಕು, ನೀವೇ ಹೇಳಿ."

ಗಂಟಣ್ಣ ಚೀಲ ಕೆಳಗಿಟ್ಟ. ಡಬ್ಬಿ ತೆಗೆದು ಒಳಗಿನ ತಂತಿ ಬಿಡಿಸಿದ. ಬಿಡಿಸುವಾಗ ಅಣ್ಣನ ಕೆಲಸ ಕಣ್ಣಿಗೆ ಬಿತ್ತು. ಸಿಪ್ಪೆ ಸುಲಿದ ತುದಿಗಳು ಅಳತೆ ಹಿಡಿದು ಕತ್ತರಿಸಿದ ಹಾಗೆ ಒಂದೇ ಉದ್ದ. ಸುತ್ತು ಒಂದರ ಪಕ್ಕ ಒಂದು ಬಳೆಯ ಹಾಗೆ ಕೂತಿದ್ದವು. ಅವನಿಗೆ ಮೈಯೆಲ್ಲ ಉರಿಯಿತು. ಪಕ್ಕದ ಎರಡನೇ ಲೈನಿಗೆ ಕ್ಲಿಪ್ಪು ಹಾಕಿ, ಬೆಲ್ ಮಾಡಿಸಲು ಎಕ್ಸ್‌ಚೇಂಜಿಗೆ ಹೇಳಬೇಕೆಂದು ಹ್ಯಾಂಡ್‌ಸೆಟ್ಟಿನ ಗುಂಡಿಯ ಮೇಲೆ ಬೆರಳಿಟ್ಟ.

"ಹೂಂ, ಮಾಡಿಸಿ ಬೆಲ್ಲು," ಎಂದಳು ಒಡತಿ. "ಹೊರಗೆ ಫೋನ್ ಮಾಡೋಕೆ ಅಂತಲೇ ಇಟ್ಕೊಂಡಿರೋ ಲೈನಿದು. ಬೋರ್ಡಲ್ಲೂ ಹಾಕಿಲ್ಲ, ಯಾರಿಗೂ ನಂಬರ್ ಕೊಟ್ಟಿಲ್ಲ. ನಿಮ್ಮೋರು ಬಿಟ್ರೆ ಈ ಜನ್ಮದಲ್ಲಿ ಇದಕ್ಕೆ ಬೆಲ್ ಮಾಡಿದವರಿಲ್ಲ."

ಬೆರಳು ಅಲ್ಲೇ ನಿಂತಿತು.

ಮಾತು ಹೊತ್ತೊಯ್ಯುವ ಕರೆಂಟು ಬಡಪಾಯಿ. ತಂತಿಯ ಗಂಟಿನಲ್ಲಿ ಚೂರು ಕಿಲುಬು ಕಂಡರೆ ಅದರ ಮುಂದೆ ತಡವರಿಸುತ್ತದೆ. ಆ ತಡವರಿಕೆಯೇ ಗರಗರ. ಬೆಲ್ಲಿನ ಕರೆಂಟು ಹಾಗಲ್ಲ, ಅದಕ್ಕೆ ಮೈಬಲವಿದೆ. ಅದು ಹಾದುಹೋದರೆ ಕಿಲುಬಿನ ತೆಳು ಪೊರೆ ಸುಟ್ಟು ದಾರಿ ತೆರೆಯುತ್ತದೆ, ಅರ್ಧ ದಿನವೋ ಒಂದು ದಿನವೋ. ಮೊದಲೆರಡು ಲೈನಿಗೆ ಬೆಳಗಿನಿಂದ ಸಂಜೆಯವರೆಗೆ ಬೆಲ್ ಬರುತ್ತದೆ. ಅವು ದಿನಾ ಉಜ್ಜಿದ ಪಾತ್ರೆಯ ಹಾಗೆ. ಮೂರನೆಯದಕ್ಕೆ ಬೆಲ್ಲೇ ಇಲ್ಲ. ಇರುವುದು ಅವನು ಬಂದಾಗ ಮಾಡಿಸುವ ಒಂದೇ ಬೆಲ್. ದೋಷ ಹುಡುಕಲು ಬಂದ ಪ್ರತಿಸಲವೂ ಮೊದಲು ದೋಷವನ್ನು ತಾನೇ ಒರೆಸಿ, ಆಮೇಲೆ ಕಿವಿಗೊಟ್ಟಿದ್ದ. ಇದೆಲ್ಲ ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಪದ್ಧತಿ ಪದ್ಧತಿ. ಕೈ ತಾನಾಗಿ ಮಾಡುವುದನ್ನು ತಲೆ ಕೇಳುವುದಿಲ್ಲ. ಅದರ ಮೇಲೆ, ಬಂದ ಉತ್ತರ ಅವನಿಗೆ ಬೇಕಾದ ಉತ್ತರವೇ ಆಗಿತ್ತು.

ಕ್ಲಿಪ್ಪನ್ನು ಮೂರನೇ ಲೈನಿಗೆ ಬದಲಿಸಿ, ಬೆಲ್ ಮಾಡಿಸದೆ ಸುಮ್ಮನೆ ಹ್ಯಾಂಡ್‌ಸೆಟ್ ಕಿವಿಗಿಟ್ಟ. ಡಯಲ್‌ಟೋನಿನ ಹಿಂದೆ, ಕಾದ ಎಣ್ಣೆಗೆ ನೀರು.

ಒಳಗಿನ ತಂತಿ ಬಿಡಿಸಿಟ್ಟಿದ್ದ. ಇದು ಹೊರಗಿನದು, ಅವನ ಕಡೆಯದು. ಕೇಳಿದವನು ಅವನೊಬ್ಬನೇ. ಆಫೀಸಿನ ಕಿಟಕಿಯ ಗಾಜಿನ ಆಚೆ ಅಣ್ಣ ಇನ್ನೂ ನಕ್ಷೆಯಲ್ಲಿ ಊರು ಹುಡುಕುತ್ತಿದ್ದ. ಪಕ್ಕದ ಲೈನಲ್ಲಿ ಒಂದು ಮಾತು ಹೇಳಿದರೆ ಸಾಕು, ಬೆಲ್ ಬರುತ್ತದೆ, ಲೈನು ತೊಳೆದ ಹಾಗಾಗುತ್ತದೆ. ಆಮೇಲೆ ಒಡತಿಯ ಕಿವಿಗೇ ಹ್ಯಾಂಡ್‌ಸೆಟ್ ಹಿಡಿಯಬಹುದು.

ಅವನು ಕ್ಲಿಪ್ಪು ಕಳಚಿ ಒಳಗಿನ ತಂತಿಯನ್ನು ಮತ್ತೆ ಸಿಕ್ಕಿಸಿದ. "ನಾಳೆ ಹೇಳ್ತೀನಿ," ಎಂದು ಚೀಲ ಎತ್ತಿಕೊಂಡು ಬೀದಿಯ ತುದಿಗೆ ನಡೆದ.

ಹೀಗೆ ನಡೆದದ್ದು ದೊಡ್ಡ ಮನಸ್ಸಿನಿಂದಲ್ಲ. ಬೀದಿಯ ತುದಿಯಲ್ಲಿ ನೆಲದಡಿಯ ಕೇಬಲ್ಲಿನ ಗುಂಡಿಯೊಳಗೆ ಈ ಸಾಲಿನ ಎಲ್ಲ ಲೈನುಗಳೂ ಸೇರುವ ಒಂದು ಜಾಯಿಂಟಿತ್ತು. ಅದನ್ನು ಹಾಕಿದ ಕಾಲದಲ್ಲಿ ಅಣ್ಣನೂ ಅವನೂ ಇಬ್ಬರೂ ಈ ಬೀದಿಯಲ್ಲಿ ಕೆಲಸ ಮಾಡಿದ್ದರು. ಜಾಯಿಂಟು ಅಣ್ಣನ ಕೈಯದಾಗಿದ್ದರೆ? ದೋಷ ಹೊರಗಿನದೇ, ಆದರೆ ಅದನ್ನು ಮಾಡಿದವನು ಒಳಗೆ ಸ್ಟೂಲಿನ ಮೇಲೆ ಕೂತಿದ್ದಾನೆ, ಎಂದು ನಾಳೆ ಎಲ್ಲರ ಮುಂದೆ ಹೇಳಬಹುದು. ಆ ಮಾತನ್ನು ಅವನು ದಾರಿಯಲ್ಲೇ ಮೂರು ರೀತಿಯಲ್ಲಿ ಹೇಳಿ ನೋಡಿದ. ಮೂರೂ ಚೆನ್ನಾಗಿದ್ದವು.

ಗುಂಡಿಯ ಮುಚ್ಚಳ ಸರಿಸಿ ಇಳಿದ. ಮೊಣಕಾಲಿನವರೆಗೆ ಕತ್ತಲು, ಒದ್ದೆ ಸಿಮೆಂಟಿನ ವಾಸನೆ. ಜಾಯಿಂಟಿನ ಕರಿ ಕೊಳವೆಯನ್ನು ಚಾಕುವಿನಿಂದ ಸೀಳಿ ತೆರೆದ. ಜೋಡಿಸುವವರು ಮುಚ್ಚುವ ಮೊದಲು ಒಳಗೊಂದು ಚೀಟಿ ಇಡುತ್ತಾರೆ: ದಿನಾಂಕ, ಮಾಡಿದವನ ಸಹಿ. ಹದಿನಾಲ್ಕು ವರ್ಷದ ಚೀಟಿ ಹಳದಿಯಾಗಿ ಅಂಚು ಮುರಿದಿತ್ತು. ಅಕ್ಷರ ಮಾತ್ರ ಕಾಗೆ ಕಾಲು.

ಅವನದು.

ಟಾರ್ಚು ಹಿಡಿದು ನೋಡಿದ. ಲಾರಿ ಆಫೀಸಿನ ಮೂರು ಲೈನುಗಳ ಗಂಟುಗಳೂ ಹಸಿರಾಗಿದ್ದವು. ಎರಡನ್ನು ಬೆಲ್ಲು ಬದುಕಿಸಿಕೊಂಡು ಬಂದಿತ್ತು, ಅಷ್ಟೆ. ಕಿಲುಬು ಉದ್ದಕ್ಕೂ ಹರಡಿರಲಿಲ್ಲ. ಹೆಬ್ಬೆರಳು ತೋರುಬೆರಳು ತಂತಿಯನ್ನು ಹಿಡಿದು ತಿರುಗಿಸುವ ಜಾಗದಲ್ಲಿ ಮಾತ್ರ, ಬೆರಳಿನ ಅಗಲಕ್ಕೆ ಸರಿಯಾಗಿ ಕಟ್ಟಿತ್ತು. ಪುಡಿಯ ಗುರುತು ಒಂದು ಕಣವೂ ಇರಲಿಲ್ಲ. ಆರು ವರ್ಷದಿಂದ ಅವನು ಗೋಡೆಯ ಈಚೆ ನಿಂತು ಸುಳ್ಳು ಸುಳ್ಳು ಎಂದು ಹೇಳಿಕೊಂಡು ಬಂದ ಆ ಒಂದು ಸಾಲು ಅಲ್ಲಿ ತಾಮ್ರದ ಮೇಲೆ ಹಸಿರಲ್ಲಿ ಬರೆದಿತ್ತು.

ಗುಂಡಿಯ ಅಂಚಿನ ಮೇಲೆ ಯಾರದೋ ಚಪ್ಪಲಿ ಹಾದುಹೋದವು. ಅವನು ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಹಳೆಯ ಗಂಟುಗಳನ್ನು ಕತ್ತರಿಸಿ, ಹೊಸದು ಹಾಕಿ, ಮುಚ್ಚಿಬಿಟ್ಟರೆ ಮುಗಿಯಿತು. ಗರಗರ ಇನ್ನು ಬರುವುದಿಲ್ಲ. ಪುಸ್ತಕದಲ್ಲಿ ಮೂರು ಸಲ ಒಳಗಿನ ದೋಷ ಎಂದಿದೆ. ನಾಳೆ ಒಡತಿ ಪುಸ್ತಕ ನೋಡುತ್ತಾಳೆ, ಅಣ್ಣ ಹೋಗುತ್ತಾನೆ. ಅಣ್ಣನನ್ನು ಸೋಲಿಸಬೇಕೆಂಬ ಆಸೆ ಅವನಿಗೆ ಊಟ ನಿದ್ದೆಯಷ್ಟು ಅಭ್ಯಾಸವಾಗಿತ್ತು. ಆದರೆ ಸೋಲು ಅಣ್ಣನದೇ ಆಗಿರಬೇಕಿತ್ತು. ಡಬ್ಬಿಯಲ್ಲಿ ಕಂಡ ಆ ಬಳೆ ಸುತ್ತುಗಳಿಗೆ ಕೆಟ್ಟ ಕೆಲಸ ಎಂದು ಹೆಸರಿಟ್ಟು ಗೆದ್ದರೆ, ಗೆದ್ದದ್ದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ.

ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಒರೆಸಿದಷ್ಟೂ ಬೆವರಿದವು. ಕೊನೆಗೆ ಮೇಲೆ ಹತ್ತಿ ಬಂದು, ಬೀದಿಯ ಮೂಲೆಯ ಪುಸ್ತಕದಂಗಡಿಯಲ್ಲಿ ಎರಡು ಸೀಮೆಸುಣ್ಣ ಕೇಳಿದ. ಕೊಟ್ಟವಳು, ಯಾವ ತರಗತಿಗೆ ಎಂದಳು. ಅವನು ದುಡ್ಡು ಕೊಟ್ಟು ಗುಂಡಿಯ ಕಡೆಗೆ ತಿರುಗಿ ನಡೆದ.

ಶುಕ್ರವಾರ ಸಾಹೇಬರು ಬಂದರು, ದೂರಿನ ಪುಸ್ತಕ ಮೇಜಿನ ಗಾಜಿನ ಮೇಲೆ ಬಂತು. ಒಡತಿ ಕನ್ನಡಕ ಹುಡುಕಿ, ಹಣೆಯಿಂದ ಇಳಿಸಿಕೊಂಡಳು. ಯಾರೂ ಕೇಳುವ ಮೊದಲೇ ಗಂಟಣ್ಣ ಚೀಲದಿಂದ ಹಸಿರುಗಟ್ಟಿದ ತಂತಿಯ ತುಂಡುಗಳನ್ನೂ ಹಳದಿ ಚೀಟಿಯನ್ನೂ ತೆಗೆದು ಪುಸ್ತಕದ ಮೇಲಿಟ್ಟ. ದೋಷ ಹೊರಗಿನದು, ಜಾಯಿಂಟು ನನ್ನದು, ಬೆಲ್ ಮಾಡಿಸಿ ಕೇಳಿದ್ದರಿಂದ ಮೂರು ಸಲವೂ ಸಿಗಲಿಲ್ಲ, ಎಂದು ಮೂರು ಮಾತಿನಲ್ಲಿ ಹೇಳಿ ಮುಗಿಸಿದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಸಾಹೇಬರು ಹಿಂದೆ ಕೇಳಿರಲಿಲ್ಲ.

ಅಣ್ಣ ಸ್ಟೂಲಿನಿಂದ ಎದ್ದು ಬಂದ. ಒಂದು ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಆರು ವರ್ಷದಲ್ಲಿ ಮೊದಲ ಸಲ ತಮ್ಮನ ಮುಖ ನೋಡಿದ.

"ಪುಡಿ ಹಚ್ಚಿದ್ಯಾ?"

"ಇಲ್ಲ."

"ಹೇಳಿದ್ದೆ."

ಬೈದಿದ್ದರೆ ಗಂಟಣ್ಣ ತಡೆದುಕೊಳ್ಳುತ್ತಿದ್ದ. "ಬಾಯಲ್ಲಿ ಹೇಳಿದ್ದೆ," ಎಂದ. "ಕಾಗದದ ಮೇಲೆ ಯಾಕೆ ಬರೆದೆ?"

"ಬಾಯಲ್ಲಿ ಹೇಳಿದಾಗ ನೀನು ಕೇಳಲಿಲ್ಲ."

ಒಡತಿ ಇಬ್ಬರ ನಡುವೆ ಕೈ ಚಾಚಿ ಪುಸ್ತಕ ಮುಚ್ಚಿದಳು. ನಿಮ್ಮ ಮನೆಯ ಜಗಳಕ್ಕೆ ನನ್ನ ಮೇಜು ಬೇಡ, ಹೊರಗೆ ಬೀದಿ ದೊಡ್ಡದಿದೆ, ಎಂದಳು. ಅಣ್ಣ ತಂತಿಯ ತುಂಡನ್ನು ಮೇಜಿನ ಮೇಲೆ ಹಾಕಿ ತನ್ನ ಸ್ಟೂಲಿಗೆ ಹೋಗಿ ಕೂತ. ಧನ್ಯವಾದದ ಮಾತು ಅವನ ಬಾಯಲ್ಲಿ ಬರಲಿಲ್ಲ. ಬಂದಿದ್ದರೆ ಗಂಟಣ್ಣ ಅದನ್ನು ಮುಖಕ್ಕೆ ಎಸೆಯುತ್ತಿದ್ದ.

ಸೋಮವಾರದಿಂದ ಗಂಟಣ್ಣ ಗಾಜಿನ ಹಿಂದೆ ಕೂತ. ಕ್ಯಾನ್ವಾಸ್ ಚೀಲ ಬೇರೊಬ್ಬನ ಹೆಗಲಿಗೆ ಹೋಯಿತು. ಗರಗರದ ದೂರು ಬಂದಾಗಲೆಲ್ಲ, ಮೊದಲು ಬೆಲ್ ಮಾಡಿಸಬೇಡ, ಸುಮ್ಮನೆ ಕೇಳು, ಎಂದು ಲೈನಿನವರಿಗೆ ಹೇಳುತ್ತಿದ್ದ. ಹೂಂ ಎಂದು ಹೋದವರು ಪದ್ಧತಿಯಂತೆ ಬೆಲ್ ಮಾಡಿಸಿಯೇ ಬರುತ್ತಿದ್ದರು. ಜನ ಬಂದು ಬೈದರೆ ಅವನು ತಿರುಗಿ ಬೈಯಲಿಲ್ಲ. ಹೆಸರು, ನಂಬರು, ಏನಾಗಿದೆ ಎಂದು ಬರೆದುಕೊಂಡ. ಒಳ್ಳೆಯವನಾದ ಎಂದು ಕೆಲವರು ಅಂದುಕೊಂಡರು. ಅವನ ಹೆಂಡತಿಯನ್ನು ಕೇಳಿದ್ದರೆ, ಬೈಗುಳವನ್ನೆಲ್ಲ ಕಟ್ಟಿಕೊಂಡು ಮನೆಗೆ ತರುತ್ತಾರೆ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಎಂಟೂಕಾಲಿಗೆ ಕೌಂಟರಿನ ಫೋನು ಬಡಿದುಕೊಂಡಿತು. ಗಂಟಣ್ಣ ಎತ್ತಿ, ದೂರಿನ ಕೌಂಟರು, ಎಂದ.

"ಲಾರಿ ಆಫೀಸು. ಎರಡನೇ ಲೈನು ಸತ್ತಿದೆ."

ಗಂಟಣ್ಣನ ಪೆನ್ನು ನಿಂತಿತು. ಆ ಕಡೆಯವನಿಗೂ ದನಿಯ ಗುರುತು ಸಿಕ್ಕಿರಬೇಕು. 

"ಬೇರೆ ಯಾರೂ ಇಲ್ವಾ ಅಲ್ಲಿ?"

"ಇಲ್ಲ."

"ಬರ್ಕೊಳ್ಳಿ ಹಾಗಾದ್ರೆ," ಎಂದ ಅಣ್ಣ. ಹುಟ್ಟಿದಾಗಿನಿಂದ ಅಣ್ಣ ಅವನಿಗೆ ಬಹುವಚನ ಬಳಸಿರಲಿಲ್ಲ. ಗೋಡೆ ಕಟ್ಟಿಸುವ ದಿನವೂ ನೀನು ಎಂದೇ ಬೈದಿದ್ದ.

"ಯಾವ ಲೈನಿಂದ ಮಾಡ್ತಿದೀರಿ?" ಎಂದು ಗಂಟಣ್ಣನೂ ಅದೇ ದೂರದಲ್ಲಿ ನಿಂತು ಕೇಳಿದ.

"ಮೂರನೇದ್ರಿಂದ."

ದೂರು ಕೊಟ್ಟವರನ್ನು ಕೊನೆಗೊಂದು ಪ್ರಶ್ನೆ ಕೇಳಬೇಕೆಂದು ಸಾಹೇಬರು ಚೀಟಿ ಬರೆದು ಗಾಜಿಗೆ ಅಂಟಿಸಿದ್ದರು. ಗಂಟಣ್ಣ ಚೀಟಿಯನ್ನು ನೋಡಿ ಓದಿದ:

"ಈ ಲೈನಲ್ಲಿ ಸ್ಪಷ್ಟವಾಗಿ ಕೇಳ್ತಿದೆಯಾ?"

ಲಾರಿಯೊಂದು ಹಿಂದಕ್ಕೆ ಸರಿಯುವ ಸದ್ದು, ಕಾಗದದ ಸರಬರ, ಒಡತಿ ಯಾರಿಗೋ ರಸ್ತೆ ಹೇಳುವುದು, ಎಲ್ಲವೂ ಒಂದೊಂದಾಗಿ ಬಂತು.

"ಕೇಳ್ತಿದೆ," ಎಂದು ಅಣ್ಣ ಫೋನಿಟ್ಟ.

ಗಂಟಣ್ಣ ಎರಡನೇ ಲೈನಿನ ದೂರು ಬರೆದ. ಮೂರನೇ ಲೈನಿನ ಬಗ್ಗೆ ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ "ಸ್ಪಷ್ಟ" ಎಂದು ಬರೆದು, ಗಾಜಿನ ಆಚೆ ನಿಂತವನ ಕಡೆ ಮುಖವೆತ್ತಿ ಕೇಳಿದ:

"ಎಲ್ಲಿ?"